ಆರನೆಯ ಬಾಟಲಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸುರಪುರ ಠಾಣೆಗೆ ದೂರು ಬಂತು. ತಂದವರು ಶಹಾಪುರದ ಹತ್ತಿರದ ಸ್ನಾತಕೋತ್ತರ ಕೇಂದ್ರವೊಂದರ ರಸಾಯನಶಾಸ್ತ್ರದ ಅಧ್ಯಾಪಕಿ ಡಾ. ಕವಿತಾ. ಕರಿಹೊಂಡ ಎಂಬ ಹಳ್ಳಿಯ ಹಳೆ ಬಾವಿಯ ನೀರಿನಲ್ಲಿ ಹತ್ತಿಗೆ ಹೊಡೆಯುವ ಕೀಟನಾಶಕವಿದೆ, ಯಾರೋ ಬೇಕಂತಲೇ ಸುರಿದಿರಬೇಕು ಎಂಬುದು ದೂರಿನ ಸಾರ. ಪಿಎಸ್‌ಐ ಲಕ್ಷ್ಮಿಕಾಂತ ಅದನ್ನು ಎರಡು ಸಲ ಓದಿದರು. ಪಿಯುಸಿಯಲ್ಲಿ ಬೆವರಿಳಿಸಿದ್ದ ರಸಾಯನಶಾಸ್ತ್ರ ಇಷ್ಟು ವರ್ಷದ ಮೇಲೆ ಬೆನ್ನು ಹತ್ತಿ ಠಾಣೆಗೇ ಬರುತ್ತದೆಂದು ಅವರು ಅಂದುಕೊಂಡಿರಲಿಲ್ಲ.

“ಅದೇ ಬಾವಿ ಯಾಕ ಮೇಡಂ?”

“ಪುಸ್ತಕದಾಗಿನ ಪ್ರಯೋಗ ನಾ ಕೊಡಂಗಿಲ್ರಿ. ಉತ್ತರ ಮೊದಲೇ ಗೊತ್ತಿದ್ರ ಹುಡುಕೋದೇನು? ನಿಮ್ಮ ನಿಮ್ಮ ಕಡಿಂದ ಒಂದೊಂದು ಪ್ರಶ್ನಿ ತರ್ರಿ ಅಂತೀನಿ. ಭೀಮಾಶಂಕರ ಅನ್ನೋ ಹುಡುಗ ಈ ಬಾವಿ ತಂದ. ಊರವರು ಅದರಾಗ ದೆವ್ವದ ಗಾಳಿ ಅದ ಅಂತಾರ, ಕುರಿ ಕಾಯೋರು ಮಾತ್ರ ಇನ್ನೂ ಕುಡಿತಾರ ಅಂದ. ಎಲ್ಲರೂ ಹೋಗಿ ನೀರು ತಂದ್ವಿ. ಪರೀಕ್ಷೆ ಪೂರ್ತಿ ಮುಗಿದಿಲ್ರಿ, ಆದ್ರ ಯಾರರೆ ಸತ್ತರ ಅಂತ ಎದಿ ಹೊಡಕೊಂಡು ಓಡಿ ಬಂದೀನಿ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಲಕ್ಷ್ಮಿಕಾಂತ ಹೆಡ್ ಕಾನ್‌ಸ್ಟೇಬಲ್ ಜಲಾಲುದ್ದೀನನ ಜೊತೆ ಕರಿಹೊಂಡಕ್ಕೆ ಹೋದರು.

ಬಾವಿ ಊರ ಹೊರಗಿತ್ತು. ಬಾಯಿಗೆ ಜಾಲಿ ಮುಳ್ಳು ಒಟ್ಟಿದ್ದರು, ಒಂದು ಮಗ್ಗುಲಲ್ಲಷ್ಟೇ ಸಂದಿ. ಹಗ್ಗವಿಲ್ಲದ ಗಾಲಿ ಗಾಳಿ ಬೀಸಿದಾಗೊಮ್ಮೆ ಕಿರ್ರೆಂದು ತಿರುಗುತ್ತಿತ್ತು. ಆ ಸದ್ದಿಗೆ ದಾರಿಯಲ್ಲಿದ್ದ ಹೆಂಗಸರು ಸೆರಗು ಬಿಗಿದು ಬಿರಬಿರನೆ ನಡೆದರು. ಪಂಚನಾಮೆಗೆ ಕರೆತಂದ ಇಬ್ಬರು ಪಂಚರು ಹತ್ತಿರ ಬರಲು ಒಪ್ಪದೆ, ದೂರದಿಂದಲೇ ಎಲ್ಲ ನೋಡಿ ಜೀಪಿನ ಬಾನೆಟ್ಟಿನ ಮೇಲೆ ರುಜು ಹಾಕಿದರು. ಸುಡುವ ಬಿಸಿಲಿನಲ್ಲೂ ಲಕ್ಷ್ಮಿಕಾಂತರ ಬೆನ್ನಿಗೆ ಚಳಿ ಹತ್ತಿದಂತಾಯಿತು. ಹೆದರಿದ ತಮ್ಮ ಮೇಲೇ ಅವರಿಗೆ ಸಿಟ್ಟೂ ಬಂತು.

ಊರ ದೊಡ್ಡ ಮನುಷ್ಯ ಅಮರಪ್ಪ ಬಂದು ಕೈ ಮುಗಿದ. “ಮುಳ್ಳು ನಾನೇ ಹಾಕಿಸೀನ್ರಿ ಸಾಹೇಬ್ರ. ಮೂರು ತಿಂಗಳ ಹಿಂದ ನನ್ನ ಸೊಸಿ ಸವಿತಾ ಈ ನೀರು ಕುಡದು ಮನಿಗಿ ಬಂದ್ಳು. ವಾಂತಿ ಹತ್ತಿ ಸಂಜಿ ಅನ್ನೋದ್ರಾಗ ಹೋದ್ಳು. ಗಾಳಿ ಬಡದಿತ್ತು.”

“ದವಾಖಾನಿಗೆ ಒಯ್ದಿದ್ರೇನು?”

“ಗಾಳಿಗಿ ದವಾಖಾನಿ ಏನ್ ಮಾಡ್ತದ್ರಿ?”

“ತವರಿನವರು?”

“ಅವರು ಬರೋದ್ರಾಗ ಮಣ್ಣು ಮಾಡಿದ್ವಿ.”

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹುಲಗಪ್ಪನೆಂಬ ಮುದುಕ ಬಂದ. ತಾನೇ ತಂದ ಹಗ್ಗ ಕಟ್ಟಿ ಸಂದಿಯಲ್ಲಿ ಕೊಡ ಇಳಿಬಿಟ್ಟು ನೀರು ಸೇದಿ, ಪೊಲೀಸರ ಎದುರಿಗೇ ಗಟಗಟ ಕುಡಿದ.

“ಏ ಮುತ್ಯಾ, ವಿಷ ಅದನೋ ಅದರಾಗ!” ಜಲಾಲುದ್ದೀನ ಕೂಗಿದ.

“ದಿನಾ ಕುಡಿತೀನಲ್ಲೋ ಸಾಹೇಬ. ನನ್ನ ಕುರಿನೂ ಕುಡಿತಾವ. ಸವಿತಾ ಸತ್ತು ಗಾಳಿ ಆಗಿದ್ರ ನಮಗ್ಯಾಕ ಬಡಿತಾಳ? ನಾವೇನ್ ಮಾಡೀವಿ ಆಕಿಗಿ?”

ಅಮರಪ್ಪ ಮುಳ್ಳು ಸರಿಪಡಿಸುವ ನೆಪದಲ್ಲಿ ಅತ್ತ ತಿರುಗಿದ.

ವಾಪಸು ಬರುವಾಗ ಜೀಪಿನಲ್ಲಿ ಜಲಾಲುದ್ದೀನ ಮಾತು ತೆಗೆದ. “ಆ ಸತ್ತ ಹುಡುಗಿ ತಾಯಿ ಸಾಯಬಮ್ಮ ಅಂತ್ರಿ ಸರ್. ನೀವು ವರ್ಗ ಆಗಿ ಬರೋ ಮೊದಲ ನಮ್ಮ ಠಾಣಿ ಮುಂದಿನ ಬೇವಿನ ಗಿಡದ ಕೆಳಗ ಮೂರು ದಿನ ಕುಂತಿದ್ಳು. ಒಳಗ ಬಾರವ್ವ ಅಂದ್ರ ಬರಲಿಲ್ಲ, ಏನಾತು ಅಂದ್ರ ಹೇಳಲಿಲ್ಲ. ಮೆಟ್ಟಲ ನೋಡಿ ನೋಡಿ ಎದ್ದು ಹೋದ್ಳು. ಈಗೂ ಕನಸಿನ್ಯಾಗ ಬರ್ತಾಳ.”

ಆ ದಿನ ಪಂಚರ ಮುಂದೆ ಸೇದಿದ ನೀರು ಕಲಬುರಗಿಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿತ್ತು. ವರದಿ ಬಂದಾಗ ಅದರಲ್ಲಿ ವಿಷದ ಸುಳಿವೇ ಇರಲಿಲ್ಲ. ಲಕ್ಷ್ಮಿಕಾಂತ ನೇರ ಸ್ನಾತಕೋತ್ತರ ಕೇಂದ್ರಕ್ಕೆ ಹೋದರು. ಕವಿತಾರ ಮುಖ ಮೊದಲೇ ಬಾಡಿತ್ತು. ಮೇಜಿನ ಮೇಲೆ ನಂಬರು ಬರೆದ ಆರು ಬಾಟಲಿ ಇದ್ದವು.

“ನಾನೇ ಬರಾಕತ್ತಿದ್ದೆ ಸರ್. ಐದರಾಗ ಬಾವಿ ನೀರು. ಆರನೇದು ನಮ್ಮ ಪ್ರಯೋಗಾಲಯದ ಶುದ್ಧ ನೀರು. ಬಾವಿ ತನಕ ಒಯ್ದು, ಅಲ್ಲೇ ಮುಚ್ಚಳ ತೆಗೆದು, ಮತ್ತ ಹಾಕಿ ತರ್ತೀವಿ. ಹೊಲಸು ಬಾವೀದೋ ನಮ್ಮ ಕೈಯಾಗಿಂದೋ ಅಂತ ಅದು ಹೇಳ್ತದ. ಅದು ಯಾವ ನಂಬರಿಂದು ಅಂತ ಪರೀಕ್ಷೆ ಮಾಡೋ ಹುಡುಗರಿಗೆ ಹೇಳಂಗಿಲ್ಲ. ತಮ್ಮ ಕೈಮ್ಯಾಲ ತಮಗ ಅನುಮಾನ ಇರಬೇಕು. ನಾ ಕಲಿಸೋದು ಅದೊಂದೇ.”

“ಆರನೇದ್ರಾಗ ಏನ್ ಬಂತು?”

“ಅದೇ ವಿಷ.”

ರಸಾಯನಶಾಸ್ತ್ರ ಲಕ್ಷ್ಮಿಕಾಂತರಿಗೆ ಜೀವನದಲ್ಲಿ ಮೊದಲ ಸಲ ತಿಳಿಯಿತು. ಬಾವಿಗೇ ಇಳಿಯದ ನೀರಿಗೆ ಬಾವಿಯ ವಿಷ ಹತ್ತುವುದು ಹೇಗೆ?

“ನೀರು ತುಂಬಿದವರು ಯಾರು?”

“ರಾಧಿಕಾ, ಮೌನಿಕಾ. ಪ್ರಶ್ನಿ ತಂದವನು ತಾನೇ ನೀರು ತುಂಬಬಾರದು ಅಂತ ನನ್ನ ನಿಯಮ. ಭೀಮಾಶಂಕರ ಬಾವಿ ಕಡಿ ತಿರುಗಿನೂ ನೋಡಲಿಲ್ಲ, ಬೆನ್ನು ಹಾಕಿ ನಿಂತಿದ್ದ.”

“ಬಾಟಲಿ ಇಲ್ಲಿಗೆ ತಂದವರು?”

ಕವಿತಾ ಕಣ್ಣು ಮುಚ್ಚಿದರು. “ಅವನೇ. ಬಸ್ಸಿನ್ಯಾಗ.”

ಭೀಮಾಶಂಕರ ತಪ್ಪಿಸಿಕೊಂಡು ಹೋಗಿರಲಿಲ್ಲ. ಕೇಂದ್ರದ ಗ್ರಂಥಾಲಯದಿಂದ ತಾನೇ ಎದ್ದು ಬಂದ. ತೆಳ್ಳಗಿನ ಹುಡುಗ, ನಿದ್ದೆ ಕಾಣದ ಕಣ್ಣು.

“ಸವಿತಾ ನಿನಗೇನಾಗಬೇಕು?”

“ತಂಗಿ ಸರ್.”

“ಬಾಟಲಿಯೊಳಗ ಹಾಕಿದ್ದು ನೀನೇ?”

“ಹೌದ್ರಿ. ಐದರಾಗ ಹಾಕಬೇಕಿತ್ತು. ಯಾವ ಐದು ಅಂತ ಗೊತ್ತಿರಲಿಲ್ಲ, ಆರಕ್ಕೂ ಹಾಕ್ದೆ. ನೀರು ತುಂಬುವಾಗ ನಾ ಬಾವಿ ಕಡಿ ನೋಡಿದ್ರ ಗೊತ್ತಾಗ್ತಿತ್ತು. ನೋಡೋದು ಆಗಲಿಲ್ಲ.”

“ಯಾಕ ಹಾಕ್ದಿ?”

“ಆವತ್ತು ಆಕಿ ಫೋನ್ ಮಾಡಿದ್ಳು ಸರ್. ‘ಅಣ್ಣಾ, ಮಾವ ತಂಬಿಗಿ ಕೊಟ್ಟಾನ, ನೀರು ಕಹಿ ಅದಾವ’ ಅಂದ್ಳು. ನಾನು ಪರೀಕ್ಷೆಗೆ ಓದಾಕತ್ತಿದ್ದೆ. ಆಮ್ಯಾಲ ಮಾಡ್ತೀನಿ ಅಂದೆ.” ಅವನು ಮೇಜಿನ ಮೇಲಿನ ಬಾಟಲಿಗಳತ್ತ ನೋಡಿದ. “ಈಗ ನೀರು ಬಾಯಿಗೆ ಇಟ್ಟರ ಸಾಕು, ಆಕಿ ದನಿ ಕೇಳ್ತದ.”

“ದೂರು ಕೊಡಲಿಲ್ಲ ಯಾಕ?”

“ಅಮರಪ್ಪ ಹಿರೇರನ್ನ ಕೂಡಿಸಿದ. ಅವ್ವನ ಅಂಗೈಯಾಗ ದೇವರ ಅರಿಶಿಣ ಭಂಡಾರ ಇಟ್ಟು ಆಣಿ ಮಾಡಿಸಿದ್ರು, ನಮ್ಮ ಮನಿಯವರು ಯಾರೂ ಈ ಸಾವಿಗಾಗಿ ಠಾಣಿ ಮೆಟ್ಟಲ ಹತ್ತಂಗಿಲ್ಲ ಅಂತ. ಆಣಿ ಮುರದ್ರ ಅವ್ವ ಬದುಕಂಗಿಲ್ಲ ಸರ್, ಆಕಿ ಅಷ್ಟು ನಂಬ್ಯಾಳ. ನಾವು ಬರೋ ಹಂಗಿಲ್ಲ. ನೀವಾದ್ರೂ ಬರ್ತೀರಿ ಅಂತ ಮಾಡಿದೆ.”

ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಅವನ ದಸ್ತಗಿರಿಯಾಯಿತು. ಜೀಪು ಹತ್ತುವಾಗ ಕವಿತಾ ಅವನಿಗೆ ಏನೋ ಬೈಯಲು ಹೋಗಿ, ಆಗದೆ, ತಲೆ ಮುಟ್ಟಿದರು. ಲಕ್ಷ್ಮಿಕಾಂತ ಮುಂದಿನದನ್ನು ಯೋಚಿಸಿದರು. ನಾಳೆ ಸವಿತಾಳ ಸಾವಿನಲ್ಲಿ ನಿಜವಾಗಿ ವಿಷ ಸಿಕ್ಕರೂ, ಅದನ್ನೂ ಈ ಅಣ್ಣನೇ ಹಾಕಿದನೆಂದು ಜನ ಅನ್ನುವುದಿಲ್ಲವೇ? ಹುಡುಗ ತಂಗಿಗೆ ನ್ಯಾಯ ಕೊಡಿಸಲು ಹೋಗಿ ಅವಳ ಬಾಯಿಗೇ ಮಣ್ಣು ಹಾಕಿದ್ದ.

ಮರುದಿನ ಮಗನನ್ನು ನೋಡಲು ಬಂದ ಸಾಯಬಮ್ಮ ಬೇವಿನ ಗಿಡದ ಕೆಳಗೇ ಕೂತಳು. ಲಕ್ಷ್ಮಿಕಾಂತ ಕಾಗದ, ಪೆನ್ನು ತೆಗೆದುಕೊಂಡು ಠಾಣೆಯ ಮೆಟ್ಟಿಲಿಳಿದರು. ಹೋಗಿ ಅವಳೆದುರು ನೆಲದ ಮೇಲೆ ಕೂತರು.

“ನೀ ಹತ್ತಬ್ಯಾಡವ್ವ. ನಾ ಇಳದು ಬಂದೀನಿ. ಹೇಳು.”

ಅವಳು ಹೇಳಿದಳು. ಸವಿತಾಳ ಹೆಸರಿನಲ್ಲಿ ಎರಡನೆಯ ಎಫ್‌ಐಆರ್ ಆಯಿತು. ಸಹಾಯಕ ಆಯುಕ್ತರ ಆದೇಶ ಬಂದ ಮೇಲೆ ವೈದ್ಯರ ಸಮಕ್ಷಮ ಗೋರಿ ತೆಗೆದು, ದೇಹದ ಅವಶೇಷ ಮತ್ತು ಸುತ್ತಲಿನ ಮಣ್ಣು ತೆಗೆದುಕೊಂಡರು. ಹೋಲಿಸಿ ನೋಡಲು ಗೋರಿಯಿಂದ ದೂರದ ಮಣ್ಣೂ ಬೇಕೆಂದು ವೈದ್ಯರು ಮಾತೆತ್ತುವ ಮೊದಲೇ ಲಕ್ಷ್ಮಿಕಾಂತ ಅತ್ತ ನಡೆದಿದ್ದರು. ಪಂಚರ ಎದುರು ಅದನ್ನೂ ತೆಗೆಸಿ ಮೊಹರು ಮಾಡಿಸಿದರು.

“ಅಲ್ಲಿ ಯಾಕ್ರಿ? ನನ್ನ ಮಗಳು ಇಲ್ಲಿ ಅದಾಳ,” ಎಂದಳು ಸಾಯಬಮ್ಮ.

“ಅಲ್ಲಿ ಏನೂ ಇಲ್ಲ ಅಂತ ತಿಳೀಬೇಕವ್ವ. ಆಗ ನಿನ್ನ ಮಗಳ ಮಾತು ನಂಬತಾರ.”

ವರದಿ ಬಂದ ದಿನ ಅಮರಪ್ಪನನ್ನು ಅವನ ಮನೆಯಂಗಳದಲ್ಲೇ ದಸ್ತಗಿರಿ ಮಾಡಿದರು. ಅವನು ಯಾಕೆ ಮಾಡಿದನೆಂಬುದು ಇನ್ನೊಂದು ಕಡತದ ಮಾತು. ಅಲ್ಲಿಂದ ಲಕ್ಷ್ಮಿಕಾಂತ ಭೀಮಾಶಂಕರ ಇದ್ದ ಜೈಲಿಗೆ ಹೋದರು. ಅವನ ಮೇಲಿನ ಪ್ರಕರಣ ಹಾಗೆಯೇ ಇತ್ತು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

“ಸವಿತಾಳ ದೇಹದಾಗ ವಿಷ ಸಿಕ್ಕದ,” ಎಂದರು.

ಹುಡುಗ ಸರಳಿನ ಆಚೆಯಿಂದ ಮೆಲ್ಲಗೆ ಕೇಳಿದ. “ದೂರದ ಮಣ್ಣು ತಗೊಂಡಿದ್ರೇನ್ ಸರ್?”

“ತಗೊಂಡಿದ್ದೆ.”

“ಅದರಾಗ?”

“ಏನೂ ಇಲ್ಲ.”

ಭೀಮಾಶಂಕರ ಆಗ ಅತ್ತ. ಜೈಲಿನ ಕಾವಲುಗಾರನೊಬ್ಬ ಕುಡಿಯಲು ನೀರು ತಂದುಕೊಟ್ಟ. ಹುಡುಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತು, ಆಮೇಲೆ ಕುಡಿದ.