ಕೇಳಿದ್ದಕ್ಕಷ್ಟೇ ಉತ್ತರ

ಡಾಕ್ಟರ್ ಹಾಲೇಶ್ ಮೊದಲ ದಿನವೇ ರಂಜಿನಿಗೆ ಹೇಳಿದ್ದ ನಿಯಮ ಒಂದೇ: ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಕೇಳದೆ ಏನನ್ನೂ ಬಾಯಿಬಿಡಬಾರದು. ಆರು ತಿಂಗಳಿಂದ ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು, ರೋಗದ ವಿಷಯದಲ್ಲೂ, ಮನಸ್ಸಿನ ವಿಷಯದಲ್ಲೂ. ನಾಳೆ ಬೆಳಿಗ್ಗೆ ಗಂಡಿನ ಕಡೆಯವರು ಬರುವವರಿದ್ದರು. ಹಾಲೇಶ್ ಇನ್ನೂ ಏನೂ ಕೇಳಿರಲಿಲ್ಲ.

ರಂಜಿನಿಗೆ ಯಾವ ರೋಗವೂ ಇರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಹೈಸ್ಕೂಲ್ ಟೀಚರ್; ಅಲ್ಲಿನ ಉಕ್ಕಿನ ಕಾರ್ಖಾನೆಯವರ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದವಳು. ಅಂಥದೊಂದು ನಾಟಕ ನೋಡಿದ ಹಾಲೇಶ್, ಶನಿವಾರ ಮಧ್ಯಾಹ್ನ ಶಿವಮೊಗ್ಗದ ಮೆಡಿಕಲ್ ಕಾಲೇಜಿಗೆ ಬಂದು ರೋಗಿಯ ಪಾತ್ರ ಮಾಡಬಹುದೇ ಎಂದು ವಿಚಾರಿಸಿದ್ದ. ಎಳೆಯ ಡಾಕ್ಟರುಗಳು ಮೊದಲು ತೋಚಿದ ರೋಗಕ್ಕೇ ಯಾಕೆ ಜೋತುಬೀಳುತ್ತಾರೆ ಎಂಬುದು ಅವನ ಸಂಶೋಧನೆ. ಅದಕ್ಕೆ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೋಗಿ, ಒಂದೇ ಕಥೆ ಬೇಕು.

ಹಾಗೆ ಇಪ್ಪತ್ತಾರರ ರಂಜಿನಿ ನಲವತ್ತೈದರ ಶಂಕರಮ್ಮಳಾದಳು. ಎದೆ ಉರಿ ಅನ್ನುವಳು. ಅರ್ಧ ಹುಡುಗರು ಗ್ಯಾಸ್ ಎಂದು ಬರೆದು ಎದ್ದುಬಿಡುವರು. ಮೆಟ್ಟಿಲು ಹತ್ತಿದಾಗ ಜಾಸ್ತಿಯಾಗುತ್ತದೆಯೇ ಎಂದು ಕೇಳಿದವರಿಗೆ ಮಾತ್ರ ಅದು ಹೃದಯದ ಕಾಯಿಲೆ ಎಂದು ತಿಳಿಯುವುದು.

ಮುಗಿದ ಮೇಲೆ ಹಾಲೇಶ್ ಕ್ಯಾಂಟೀನಿನಲ್ಲಿ ಟೀ ಕುಡಿಸುತ್ತಿದ್ದ. ಶಂಕರಮ್ಮನವರ ಎದೆ ಉರಿ ಹೇಗಿದೆ ಎಂದು ಕಾಡುತ್ತಿದ್ದ. ಅವಳು ಕಪ್ಪಿನ ಅಂಚಿನಿಂದ ಕಣ್ಣೆತ್ತಿದರೆ ಅವನ ಕಣ್ಣು ಆಗಲೇ ಅವಳ ಮೇಲಿರುತ್ತಿತ್ತು. ಮರುಕ್ಷಣ ಟೀಯೊಳಗೆ ಬೀಳುತ್ತಿತ್ತು. ಕಿವಿ ಮಾತ್ರ ಕೆಂಪಾಗಿಬಿಡುತ್ತಿತ್ತು. ಊರಿಗೆಲ್ಲ ಪ್ರಶ್ನೆ ಕೇಳುವುದನ್ನು ಕಲಿಸುವ ಈ ಮಹಾರಾಯನಿಗೆ ತನ್ನದೊಂದು ಪ್ರಶ್ನೆ ಕೇಳಲು ಏನು ಧಾಡಿ ಎಂದು ಅವಳು ಬಸ್ಸು ಮಲವಗೊಪ್ಪ ದಾಟುವವರೆಗೂ ಬೈದುಕೊಳ್ಳುತ್ತಿದ್ದಳು. ಆಮೇಲೆ ಭಯವಾಗುತ್ತಿತ್ತು. ಅವನಿಗೆ ಬೇಕಾಗಿರುವುದು ಶಂಕರಮ್ಮ ಒಬ್ಬಳೇ ಆಗಿದ್ದರೆ?

ಈ ಶನಿವಾರ ಮನೆಯಿಂದ ಹೊರಡುವಾಗ ತಾಯಿ ಬಂಗಾರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಹುಡುಗ ಬ್ಯಾಂಕಲ್ಲಿದಾನೆ. ಅವರು ಒಪ್ಪಿದ್ರೆ ನಾಳೇನೇ ನಿಮ್ಮಪ್ಪ ಮಾತು ಕೊಟ್ಟುಬಿಡ್ತಾರೆ ಮಾರಾಯ್ತಿ. ಬೇಡ ಅನ್ನೋದಾದ್ರೆ ಕಾರಣ ಹೇಳು." ಹೇಳಲು ರಂಜಿನಿಯ ಬಳಿ ಒಂದು ಜೊತೆ ಕೆಂಪು ಕಿವಿಯ ಹೊರತು ಕಾರಣವಿರಲಿಲ್ಲ.

ಕಾಲೇಜಿನಲ್ಲಿ ಹಾಲೇಶನೂ ಕಂಗಾಲಾಗಿದ್ದ. ಸಂಶೋಧನೆಯ ಮೊದಲ ಹಂತದ ಬಗ್ಗೆ ಅವನ ಲೇಖನ ಹಿಂದೆಯೇ ವಿದೇಶದ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿ ಪುಣೆಯಲ್ಲೂ ಕೇರಳದಲ್ಲೂ ಪಾಠದ ಕ್ರಮವನ್ನೇ ಬದಲಾಯಿಸಿದ್ದರು. ಈಗ ದೆಹಲಿಯಿಂದ ಇಬ್ಬರು ಪ್ರೊಫೆಸರುಗಳು ಕಣ್ಣಾರೆ ನೋಡಲು ಬಂದಿದ್ದರು. ಅವರು ಒಪ್ಪಿದರೆ ಅದು ಇನ್ನೆಷ್ಟೋ ಕಾಲೇಜುಗಳಿಗೆ ಹೋಗುತ್ತಿತ್ತು.

ಪ್ರೊಫೆಸರುಗಳು ಗೋಡೆಯ ಬದಿಗೆ ಕೂತರು. ಮಧು ಎಂಬ ವಿದ್ಯಾರ್ಥಿನಿ ಚೆನ್ನಾಗಿಯೇ ಕೇಳಿದಳು: ಮೆಟ್ಟಿಲು, ಬೆವರು, ತೋಳಿನ ನೋವು. ಕೊನೆಗೆ ಪೆನ್ನು ಕೆಳಗಿಟ್ಟು ಮೆಲ್ಲಗೆ, "ಅಮ್ಮ, ಮನಸ್ಸಿಗೇನಾದ್ರೂ ಕೊರಗಿದೆಯಾ?" ಎಂದಳು.

ಇಲ್ಲ ಎನ್ನಬೇಕಿತ್ತು. ಹಾಲೇಶ್ ಹಾಗೆಂದೇ ಹೇಳಿಕೊಟ್ಟಿದ್ದ. ಆದರೆ ಇಷ್ಟು ದಿನ ಅದನ್ನು ಒಬ್ಬರೂ ಕೇಳಿರಲಿಲ್ಲ.

"ಇದೆ," ಎಂದುಬಿಟ್ಟಳು ರಂಜಿನಿ. "ನಾಳೆ ನನ್ನನ್ನ ನೋಡೋಕೆ ಬರ್ತಾರೆ. ನನಗೆ ಬೇಕಾದವರು ಇಲ್ಲೇ ಇದಾರೆ. ಕೇಳ್ತಾನೇ ಇಲ್ಲ." ಕಣ್ಣೀರು ಧಾರಾಕಾರ ಇಳಿಯಿತು.

ನಲವತ್ತೈದರ ಶಂಕರಮ್ಮನನ್ನು ನೋಡಲು ಬರುವ ಗಂಡು ಯಾರೆಂದು ಮಧು ಕಣ್ಣು ಕಣ್ಣು ಬಿಟ್ಟಳು. ಕನ್ನಡ ಬಾರದ ಪ್ರೊಫೆಸರುಗಳು, ಎಂಥ ಅಭಿನಯ ಎಂದು ತಲೆದೂಗಿದರು. ಹಾಲೇಶ್ ಸುಮ್ಮನಿದ್ದಿದ್ದರೆ ಗೆದ್ದಿರುತ್ತಿದ್ದ. ಅವನು ಎದ್ದು, ಇದು ನಾನು ಕೊಟ್ಟ ಉತ್ತರವಲ್ಲ, ಇವತ್ತಿನದು ಲೆಕ್ಕಕ್ಕಿಲ್ಲ, ಈ ರೋಗಿಯನ್ನು ಅಧ್ಯಯನದಿಂದ ಕೈಬಿಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವಳತ್ತ ನೋಡಲೂ ಇಲ್ಲ.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ರಂಜಿನಿಗೆ. ಅವನ ವರ್ಷಗಳ ದುಡಿಮೆಗೆ ತಾನೇ ಕಲ್ಲು ಹಾಕಿದ್ದಳು. ಬ್ಯಾಗು ಎತ್ತಿಕೊಂಡು ಗೇಟಿನತ್ತ ಓಡಿದಳು.

"ನಿಲ್ರೀ ಟೀಚರ್." ಹಿಂದೆಯೇ ಬಂದ ಹಾಲೇಶನಿಗೆ ಏದುಸಿರು.

ಪ್ರೊಫೆಸರುಗಳಿಗೆ ಕೋಪ ಬಂತೇ ಎಂದು ಅವಳು ಅಳುತ್ತಲೇ ಕೇಳಿದಳು. ಗೊತ್ತಿಲ್ಲ, ಅವರನ್ನು ಅಲ್ಲೇ ಬಿಟ್ಟುಬಂದೆ ಎಂದ. ಸುಳ್ಳು ಬೆರೆಸಿದ ಸಂಶೋಧನೆ ಎಷ್ಟು ಕಾಲೇಜಿಗೆ ಹೋದರೇನು ಎಂದೂ ಗೊಣಗಿದ. ಆಮೇಲೆ ಅವನ ದನಿ ಇಳಿಯಿತು.

"ನನ್ನ ಕೈಕೆಳಗೆ ಕೆಲಸ ಮಾಡೋರನ್ನ ಅಂಥದ್ದು ಕೇಳಬಾರದು. ನೀವು ಹೆದರಿ ಹೂಂ ಅಂದುಬಿಟ್ರೆ? ಅಧ್ಯಯನ ಮುಗೀಲಿ ಅಂತ ಕಾಯ್ತಿದ್ದೆ. ಈಗ ನಿಮ್ಮನ್ನ ಅದರಿಂದ ಕೈಬಿಟ್ಟೆನಲ್ಲ, ಇನ್ನು ಕೇಳಬಹುದು."

"ಕೇಳಿ ಮತ್ತೆ."

ಅವನ ಕಿವಿ ಕೆಂಪಾಯಿತು. "ನಾಳೆ ಅವರು ಎಷ್ಟೊತ್ತಿಗೆ ಬರ್ತಾರೆ?"

"ಹತ್ತಕ್ಕೆ."

"ನಾನು ಅಮ್ಮನ್ನ ಕರ್ಕೊಂಡು ಒಂಬತ್ತಕ್ಕೆ ಬಂದ್ರೆ ನಿಮ್ಮಪ್ಪ ಒಳಗೆ ಕರೀತಾರಾ?"

ಅಪ್ಪ ಏನನ್ನುತ್ತಾರೋ ರಂಜಿನಿಗೂ ಗೊತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಂಟಕ್ಕೇ ಬನ್ನಿ," ಎಂದಳು. "ಕೇಸರಿಬಾತ್ ಮೊದಲು ಬಂದೋರು ತಿನ್ಲಿ."