ಬಳಕೆಯಲ್ಲಿಲ್ಲದ ಐವತ್ತು ವೋಲ್ಟು

ಭಾನುವಾರ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ‘ಮೇಟಿ’ ತನ್ನ ವಾರದ ತಪಾಸಣೆ ಮುಗಿಸಿ ಹದಿನೇಳು ವಿದ್ಯುತ್ ಸಾಲುಗಳನ್ನು ಆರಿಸಿತು. ಹದಿನಾರರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಹದಿನೇಳನೆಯದು ಐವತ್ತು ವೋಲ್ಟಿನ ಒಂದು ಹಳೆಯ ಸಾಲು.

ಮೇಟಿ ಎಂದರೆ ಹೊಳೆಬಾಗಿಲು ಪಟ್ಟಣವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ. ೨೦೪೭ರ ಹೊತ್ತಿಗೆ ಇಡೀ ಊರೇ ಒಂದು ಗಣಕಯಂತ್ರ; ಬೀದಿದೀಪ, ನೀರಿನ ಪಂಪು, ಆಸ್ಪತ್ರೆಯ ಲಿಫ್ಟು ಎಲ್ಲವೂ ಅದರ ಹೊರಸಾಧನಗಳು. ಮೇಟಿಗೆ ಕಣ್ಣಿಲ್ಲ. ‘ವಿವರವೃಕ್ಷ’ ಎಂಬ ಪಟ್ಟಿಯಲ್ಲಿ ಬರೆದದ್ದಷ್ಟೇ ಅದರ ಪ್ರಪಂಚ. ಯಾವ ಸಾಧನ ಎಲ್ಲಿದೆ, ಅದಕ್ಕೆ ಎಷ್ಟು ವೋಲ್ಟು ಬೇಕು, ಯಾವ ಸಾಲು ಅದರ ಹೊಟ್ಟೆ ತುಂಬಿಸುತ್ತದೆ ಎಂಬುದೆಲ್ಲ ಅಲ್ಲಿರಬೇಕು. ಒಂದು ಸಾಲನ್ನು ‘ನನ್ನದು’ ಎನ್ನುವ ಸಾಧನವೇ ಪಟ್ಟಿಯಲ್ಲಿಲ್ಲದಿದ್ದರೆ ಮೇಟಿ ಮುಲಾಜಿಲ್ಲದೆ ಅದನ್ನು ಆರಿಸುತ್ತದೆ. ಜಾಣ ಏರ್ಪಾಡೇ. ಬರೆಯಲು ಮರೆತವರ ಗತಿಯೇನು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ, ವಿವರವೃಕ್ಷವನ್ನು ಬರೆದ ಎಂಜಿನಿಯರ್ ಸಿಂಚನಾಳ ಮೇಜಿನ ಮುಂದೆ ಎಪ್ಪತ್ತೆಂಟರ ಅಜ್ಜಿಯೊಬ್ಬರು ಬಂದು ನಿಂತರು. ಹೆಸರು ಲೂರ್ದಮ್ಮ. ಮೇಟಿಯ ಯಂತ್ರಗಳಿದ್ದ ಆ ಕಟ್ಟಡ ಹಿಂದೆ ದೂರವಾಣಿ ವಿನಿಮಯ ಕೇಂದ್ರವಾಗಿತ್ತು. ಲೂರ್ದಮ್ಮ ಅಲ್ಲಿ ಬೋರ್ಡಿನ ಮುಂದೆ ಕೂತು ಕರೆಗಳನ್ನು ಜೋಡಿಸುವ ಆಪರೇಟರ್ ಆಗಿದ್ದವರು.

“ನನ್ನ ಫೋನಿಗೆ ಕರೆಂಟ್ ತೆಗೆದೋರು ಯಾರವ್ವ? ಈಗ್ಲೇ ಹಾಕು. ಅಲ್ಲೊಬ್ಬಳು ನಾನು ಸತ್ತೋದೆ ಅನ್ಕೊಂಡು ಕೂತಿರ್ತಾಳೆ.”

ಸಿಂಚನಾ ಪಟ್ಟಿ ತೆಗೆದು ನೋಡಿದಳು. “ಅಜ್ಜಿ, ಆ ಸಾಲಿನಲ್ಲಿ ಯಾವ ಸಾಧನವೂ ಇಲ್ಲವಲ್ಲ? ವರ್ಷವಿಡೀ ಅಳೆದಿದ್ದೇವೆ. ಕರೆಂಟು ಹರಿದದ್ದು ಇಲ್ಲವೆನ್ನುವಷ್ಟು ಕಡಿಮೆ.”

“ಹೆಂಗೆ ಹರೀತದೆ? ಹಳೇ ಫೋನು ಕೆಳಗಿಟ್ಟಾಗ ಕರೆಂಟು ತಿನ್ನಲ್ಲ. ಎತ್ತಿದ್ರೆ ಮಾತ್ರ. ಮನೇಲಿ ಕರೆಂಟ್ ಹೋದ್ರೂ ಫೋನು ಬದುಕಿರ್ತಿತ್ತು, ಯಾಕೆ ಹೇಳು? ಅದರ ಅನ್ನ ಇಲ್ಲಿಂದ ತಂತೀಲಿ ಹೋಗ್ತಿತ್ತು.”

ಸಿಂಚನಾಳ ಓದಿನಲ್ಲಿ ಈ ಪಾಠ ಇರಲಿಲ್ಲ. ವಿವರ ಕೇಳಿದಾಗ ಕತೆ ಹೊರಬಿತ್ತು. ಕೇಂದ್ರ ಮುಚ್ಚಿದಾಗ ಲೈನ್‌ಮನ್ ಹಾಲೇಶಪ್ಪ, ಲೂರ್ದಮ್ಮನ ಮನೆಗೂ ಅವರು ‘ಬಸಕ್ಕ’ ಎನ್ನುತ್ತಿದ್ದ ಗೆಳತಿ ಗುರುಬಸಮ್ಮನ ಮನೆಗೂ ಒಂದೊಂದು ಜೋಡಿ ತಂತಿ ಉಳಿಸಿ, ಕೇಂದ್ರದ ಮೂಲೆಯಲ್ಲಿದ್ದ ಐವತ್ತು ವೋಲ್ಟಿನ ಪುಟ್ಟ ಪೆಟ್ಟಿಗೆಯೊಂದಕ್ಕೆ ಜೋಡಿಸಿ ಹೋಗಿದ್ದರು. ಬೇಕಾದವರಿಗೆ ಒಂದು ಜೋಡಿ ತಂತಿ ಎಳೆದುಕೊಡುವುದು, ಎಲ್ಲೂ ಬರೆಯದಿರುವುದು ಆ ಕಾಲದ ಲೈನ್‌ಮನ್‌ಗಳ ಪದ್ಧತಿ. ಹಾಲೇಶಪ್ಪ ತೀರಿಕೊಂಡರು. ತಂತಿಗಳು ಉಳಿದವು.

ದಿನಾ ಬೆಳಿಗ್ಗೆ ಆರಕ್ಕೆ ಲೂರ್ದಮ್ಮ ಒಂದು ರಿಂಗ್ ಕೊಟ್ಟು ಇಟ್ಟುಬಿಡುತ್ತಿದ್ದರು. ಅತ್ತಲಿಂದ ಗುರುಬಸಮ್ಮ ಒಂದು ರಿಂಗ್ ಕೊಡುತ್ತಿದ್ದರು. ಇಬ್ಬರೂ ಇದ್ದೇವೆ ಎಂದು ಅರ್ಥ. ದುಡ್ಡು ಉಳಿಸಲು ಇಡೀ ನಾಡೇ ಒಂದು ಕಾಲದಲ್ಲಿ ಹೀಗೆ ರಿಂಗ್ ಕೊಡುತ್ತಿತ್ತು. ಇವರಿಬ್ಬರದು ಬೇರೆ ಕಾರಣ: ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ನಿವೃತ್ತರ ಕೂಟವೊಂದರಲ್ಲಿ ಗುರುಬಸಮ್ಮ ಎಲ್ಲರೆದುರು ನಗುತ್ತಾ, “ನಮ್ಮ ಲೂರ್ದು ಲೈನಲ್ಲಿ ಕದ್ದು ಕೇಳ್ತಿದ್ಲು” ಅಂದುಬಿಟ್ಟಿದ್ದರು. ಆಪರೇಟರಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

“ಮೊಬೈಲಿನಲ್ಲಿ ಒಂದು ಮಾತು ಹೇಳಿಬಿಡಿ.”

“ಅವಳ ನಂಬರ್ ನಂತಾವ ಇಲ್ಲ. ಯಾರನ್ನೂ ಕೇಳೋದೂ ಇಲ್ಲ.”

ಸಾಧನವನ್ನು ವೃಕ್ಷದಲ್ಲಿ ಬರೆದು, ಮೇಲಿನವರ ಒಪ್ಪಿಗೆ ಪಡೆದು, ಮೇಟಿ ಅದನ್ನು ಓದಿ ಸಾಲನ್ನು ಮತ್ತೆ ಚಾಲೂ ಮಾಡುವ ಹೊತ್ತಿಗೆ ನಾಳೆ ಬೆಳಗಾಗುತ್ತದೆ ಎಂದು ಸಿಂಚನಾ ಸಂಕೋಚದಿಂದ ಹೇಳಿದಳು.

“ಅಲ್ಲೀತನ್ಕ ನಾನು ಸತ್ತೇ ಇರಬೇಕಾ?”

ಲೂರ್ದಮ್ಮ ತಿರುಗಿ ಆ ಸಭಾಂಗಣವನ್ನು ನೋಡಿದರು. ಕಪ್ಪು ಯಂತ್ರಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. “ಅಗೋ, ಆ ಕಿಟಕಿ ಹತ್ರ ನನ್ನ ಬೋರ್ಡು. ಪಕ್ಕದ್ದು ಬಸಕ್ಕಂದು. ದೀಪಾವಳಿ ದಿನ ಉಸಿರಾಡೋಕೆ ಬಿಡುವಿಲ್ಲ. ಅವಳು ಒಂದು ಕೈಲಿ ಬೋರ್ಡಿಗೆ ತಂತಿ ಚುಚ್ಚೋಳು, ಇನ್ನೊಂದು ಕೈಲಿ ನನ್ನ ಬಾಯಿಗೆ ಕಡುಬು ಇಡೋಳು. ಬಾಯಲ್ಲಿ ಕಡುಬು ಇಟ್ಕೊಂಡೇ ‘ನಂಬರ್ ಪ್ಲೀಸ್’ ಅಂದಿದೀನಿ.” ಆ ಕಾಲ ಮತ್ತೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಕಿಟಕಿಯನ್ನು ನೋಡಿ ದುಃಖ ಉಕ್ಕಿಬಂತು. ಕಣ್ಣೊರೆಸಿಕೊಂಡು ಈಚೆ ತಿರುಗಿದರು.

“ನಡಿ, ಒಂದು ಆಟೋ ಕರಿ. ನೀನೂ ಬಾ. ಕರೆಂಟ್ ತೆಗೆದೋಳು ನೀನು, ನೀನೇ ಹೇಳು ಅವಳಿಗೆ.”

ಗುರುಬಸಮ್ಮನ ಮನೆ ಹಳೇ ಪೇಟೆಯಲ್ಲಿ. ಬಾಗಿಲು ತೆರೆದೇ ಇತ್ತು. ಎಂಬತ್ತೊಂದರ ಆ ಹೆಂಗಸು ಫೋನಿನ ಮುಂದೆ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಕೆನೆಗಟ್ಟಿದ ಕಾಫಿ. ಸ್ನಾನವಾಗಿರಲಿಲ್ಲ, ತಲೆ ಬಾಚಿರಲಿಲ್ಲ.

ಹೊಸ್ತಿಲಲ್ಲಿ ಲೂರ್ದಮ್ಮನನ್ನು ಕಂಡು ಗುರುಬಸಮ್ಮ ಕುರ್ಚಿಯ ತೋಳು ಹಿಡಿದು ಎದ್ದರು. ಗಲ್ಲದ ಮೇಲೆ ನೀರು ಇಳಿಯಿತು. ಆಮೇಲೆ ಗದರಿದರು: “ಯಾಕೆ ರಿಂಗ್ ಕೊಡಲಿಲ್ಲ?”

“ಲೈನೇ ಇಲ್ಲ ಕಣಕ್ಕ. ಕರೆಂಟ್ ತೆಗೆದವ್ರೆ. ಮೂವತ್ತು ವರ್ಷ ಬೋರ್ಡಲ್ಲಿ ಕೂತೋಳು ನೀನು, ಟೋನ್ ಐತಾ ಅಂತ ಒಂದ್ಸಲ ಎತ್ತಿ ನೋಡಬಾರದಾ? ಆರು ಗಂಟೆಯಿಂದ ಹಿಂಗೇ ಕೂತಿದೀಯಾ?”

ಗುರುಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸಿಂಚನಾ ಬಾಗಿಲ ಹೊರಗೇ ನಿಂತಿದ್ದಳು.

“ಹೆಂಗೆ ಎತ್ತಲಿ ಕಣೇ? ನಾನು ಎತ್ತಿದಾಗ್ಲೇ ನೀನು ಮಾಡಿದ್ರೆ? ನಿಂಗೆ ಎಂಗೇಜ್ ಟೋನ್ ಬರೋದು. ಬಸಕ್ಕ ಇನ್ಯಾರ ಜೊತೇನೋ ಮಾತಾಡ್ತವ್ಳೆ ಅನ್ಕೊಂಡುಬಿಡ್ತಿದ್ದೆ ನೀನು.”