ಮರಳಿಯ ಶೋಭಾರಾಣಿ ಹಾಡದ ಹಾಡು

ದೂರದಲ್ಲೆಲ್ಲೋ ಟ್ರ್ಯಾಕ್ಟರಿನ ಗುಡುಗುಡು. ಅದರೊಳಗಿಂದ ಸಣ್ಣಗೆ, ಸೊಳ್ಳೆಯ ಗುಂಯ್‌ಗಿಂತ ತುಸುವೇ ಹೆಚ್ಚಾಗಿ, ಒಂದು ಹೆಣ್ಣುದನಿ.

ಶೋಭಾರಾಣಿ ನಿದ್ದೆಗಣ್ಣಿನಲ್ಲೇ ಹಾಡಿನ ಜೊತೆ ತುಟಿ ಆಡಿಸಲು ಹೋದಳು. ಆಗಲಿಲ್ಲ.

ದನಿ ಅವಳದೇ. ಆದರೆ ಆ ಹಾಡು ಅವಳಿಗೆ ಬರುತ್ತಿರಲಿಲ್ಲ.

ಅವಳು ಎದ್ದು ಕೂತಳು. ಕಾಲುವೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿರವಾದಂತೆ ಮಾತುಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಗಂಡಸರು ಕುಡಿದು ಕೂತಾಗ ಆಡಿಕೊಳ್ಳುವಂಥ ಹೊಲಸು ಮಾತು. ಅದೆಲ್ಲ ಅವಳ ಬಾಯಿಂದಲೇ ಬರುತ್ತಿತ್ತು...

ಕೊನೆಗೆ ಹೆಸರಿನ ನುಡಿಯೂ ಬಂತು. ಈ ಕಡೆಯ ಹಾಡುಗಾರರು ಹಾಡು ಮುಗಿಸುವಾಗ ತಮ್ಮ ಊರು, ಹೆಸರು ಸೇರಿಸಿ ಹಾಡುತ್ತಾರೆ. ತಮ್ಮ ಹಾಡನ್ನು ಬೇರೆಯವರು ತಮ್ಮದೆಂದು ಹೇಳಬಾರದು ಎಂದೇ ಆ ನುಡಿ.

'ಮರಳಿ ಊರ ಶೋಭಾರಾಣಿ ಹಾಡತಾಳ ಕೇಳರಿ...'

ಪಕ್ಕದಲ್ಲಿ ಅವ್ವ ಉಡಚಮ್ಮ ಗಾಢ ನಿದ್ದೆಯಲ್ಲಿದ್ದಳು. ಆಚೆ ಹೊರಸಿನ ಮೇಲೆ ಅಪ್ಪ ಗಾಳೆಪ್ಪ ಮಗ್ಗುಲು ಬದಲಿಸಿದ.

ಅಪ್ಪ ಕೇಳಿಸಿಕೊಂಡನೇ?

ಅವಳು ಮೊದಲ ಸಲ ಸ್ಟುಡಿಯೋಕ್ಕೆ ಹೊರಟ ದಿನ ಅಪ್ಪ ಒಂದೇ ಮಾತು ಹೇಳಿದ್ದ. "ಹೊಲಸು ಪದ ಒಂದ ಒಂದು ಕಿವಿಗಿ ಬಿತ್ತಂದ್ರ ಅವತ್ತ ಹಾಡು ಬಂದ್." ಅವ್ವ ಅಡ್ಡ ಬಂದಿದ್ದಳು. "ಆಕಿ ಹೊಣಿ ನಂದು. ಕಳಸು."

ಬರುವ ತಿಂಗಳು ಕುಷ್ಟಗಿಯಲ್ಲಿ ಅವಳ ಮೊದಲ ದೊಡ್ಡ ಕಾರ್ಯಕ್ರಮವಿತ್ತು. ಇದು ಅಪ್ಪನಿಗೆ ತಿಳಿದರೆ ಅದೂ ಇಲ್ಲ, ಮುಂದೆ ಯಾವುದೂ ಇಲ್ಲ.

ಬೆಳಗಾಗುತ್ತಲೇ ಅವಳು ಗಂಗಾವತಿಯ ಸ್ಟುಡಿಯೋದಲ್ಲಿದ್ದಳು. ಅವಳ ಎಲ್ಲ ಹಾಡಿಗೂ ಕೀಬೋರ್ಡ್ ನುಡಿಸಿ, ದನಿ ಹದ ಮಾಡುತ್ತಿದ್ದವನು ಗೌತಮ. ಅವಳು ಫೋನಿನಲ್ಲಿ ಹುಡುಕಿ ಇಳಿಸಿಕೊಂಡಿದ್ದ ಆ ಹಾಡನ್ನು ಅವನು ಪೂರ್ತಿ ಕೇಳಿದ.

"ಇದು ನೀವು ಹಾಡಿದ್ದಲ್ರಿ."

"ಅದು ನನಗೂ ಗೊತ್ತೈತ್ರಿ. ಯಾರು ಮಾಡ್ಯಾರ, ಅದನ್ನ ಹೇಳ್ರಿ."

"ಈಗ ಆ್ಯಪ್ ಬಂದಾವು. ವಾದ್ಯ ಇಲ್ಲದ ಬರೇ ದನಿ ಒಂದೀಟು ಸಿಕ್ರ ಸಾಕು, ಅದ ದನಿಯಾಗ ಬೇಕಾದ್ದು ಹಾಡಸ್ತಾರ."

"ವಾದ್ಯ ಇಲ್ಲದ ನನ್ನ ದನಿ ಯಾರ ಕಡೆ ಐತ್ರಿ?"

ಗೌತಮ ಕಂಪ್ಯೂಟರಿನ ಕಡೆ ತಿರುಗಿದ.

"ನಿಮ್ಮ ಕಂಪ್ಯೂಟರ್‌ನ್ಯಾಗ ಬಿಟ್ರ ಇನ್ನೆಲ್ಲೈತಿ ಹೇಳ್ರಿ."

"ನನ್ನ ಮ್ಯಾಲೆ ಅನುಮಾನ ಏನ್ರಿ, ಶೋಭಾ?"

ಅವಳಿಗೆ ಕಣ್ಣು ತುಂಬಿ ಬಂತು. ರೆಕಾರ್ಡಿಂಗ್ ಹೊತ್ತಿಗೆ ಸದ್ದು ಬರುತ್ತದೆಂದು ಫ್ಯಾನ್ ಬಂದ್ ಮಾಡಿ, ಅವಳು ಹಾಡುವಷ್ಟು ಹೊತ್ತೂ ರಟ್ಟಿನ ತುಂಡು ಹಿಡಿದು ಸದ್ದಿಲ್ಲದೆ ಗಾಳಿ ಬೀಸುತ್ತಿದ್ದ ಹುಡುಗ ಇವನು. ಅವನೂ ಏನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಆದರೂ ಮನಸ್ಸಿನಲ್ಲಿ ಏನೋ ಒಂದು ಇತ್ತು...

"ಮತ್ತ್ಯಾರ ಮ್ಯಾಲೆ ಮಾಡ್ಲಿ?" ಎಂದಳು.

"ಈ ಹಾಡು ಬಿಟ್ಟ ಚಾನಲ್ ಯಲಬುರ್ಗಾ ಕಡೇದು. ನಾ ಹೋಗಿ ಬರ್ತೀನಿ. ಅಲ್ಲೀತನಕ ಯಾರ ಜೋಡೀನೂ ಜಗಳಾ ತಗೀಬ್ಯಾಡ್ರಿ."

ಬಸ್ಸಿನಲ್ಲಿ ಹಿಂದಿನ ಸೀಟಿನವನೊಬ್ಬ ಬಗ್ಗಿ ಕೇಳಿದ. "ಅಕ್ಕಾರ, ಹೊಸಾ ಹಾಡು ಭಾಳ ಜೋರೈತಿ. ಇಲ್ಲೇ ಒಂದು ನುಡಿ ಆಗ್ಲಲ್ಲ?" ಸುತ್ತಲಿನವರು ನಕ್ಕರು. ಮರಳಿ ಊರು ಬರುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಅಪ್ಪ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಹಮಾಲಿ. ಅಲ್ಲಿ ಎಲ್ಲರ ಕೈಯಲ್ಲೂ ಫೋನು. ಸಂಜೆ ಅವನು ಬಂದು ಕೈಕಾಲು ತೊಳೆದು ಉಂಡ. ಒಂದು ಮಾತೂ ಆಡಲಿಲ್ಲ. ಮರುದಿನವೂ ಇಲ್ಲ. ಅಪ್ಪ ಬೈದಿದ್ದರೆ ಒಂದು ಬಗೆ. ಈ ಮೌನಕ್ಕೆ ಏನು ಅರ್ಥ ಎಂದೇ ಅವಳಿಗೆ ತಿಳಿಯಲಿಲ್ಲ.

ಅದಾದ ಮೇಲೆ ಗೌತಮನ ಬೈಕು ಮನೆಯ ಮುಂದೆ ನಿಂತಿತು.

"ಹಾಡು ತಗಸೀನ್ರಿ. ಆ ಚಾನಲ್‌ದಾಂವ ಸೈಬರ್ ಠಾಣೆ ಹೆಸರು ಕೇಳಿದ ಕೂಡ್ಲೇ ಅಳಸಿದ," ಎಂದ ಅವನು. ಆಮೇಲೆ ಗಾಳೆಪ್ಪನ ಕಡೆ ತಿರುಗಿ ತಲೆ ತಗ್ಗಿಸಿದ. "ಕಾಕಾ, ದನಿ ನನ್ನ ಕಡಿಂದನ ಹೋಗೈತ್ರಿ. ತಪ್ಪು ನಂದು."

ಶೋಭಾರಾಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅನುಮಾನಿಸಿ ಬಂದಿದ್ದಳು, ನಿಜ. ಆದರೆ ಅವನು ಅಲ್ಲ ಎನ್ನಲಿ ಎಂದೇ ಅವಳ ಜೀವ ಕಾಯುತ್ತಿತ್ತು.

ಆ ಹಾಡಿನ ಸುದ್ದಿ ಅಷ್ಟರಲ್ಲಿ ಉಡಚಮ್ಮನ ಕಿವಿಗೂ ಬಿದ್ದಿತ್ತು. ಅವಳು ಅಂಗಳಕ್ಕೆ ಇಳಿದಳು. "ನಿನ್ನ ಬಾಯಾಗ ಮಣ್ಣು ಬೀಳ! ಮಗಾ ಮಗಾ ಅಂತ ಕರದು ಮಜ್ಜಿಗಿ ಕೊಟ್ಟಿದ್ನೆಲ್ಲೋ, ನನ್ನ ಮಗಳ ದನೀನ ಮಾರ್ಕೊಂಡೇನೋ?"

"ಸಾಕು ಬಿಡು," ಎಂದ ಗಾಳೆಪ್ಪ. "ನೀ ಹೋಗಪ್ಪ."

ಗೌತಮ ಹೋದ. ಅವಳ ಕಡೆ ಒಮ್ಮೆಯೂ ನೋಡಲಿಲ್ಲ.

ಹಾಡು ಅಳಿಸಿದ್ದರೂ ದೂರು ಕೊಡಬೇಕು ಎಂದು ಅವಳು ನಿಶ್ಚಯಿಸಿದಳು. ಏನೇನು ಬರೆಯಬೇಕು ಎಂದು ತಿಳಿಯಲು, ಇಳಿಸಿಕೊಂಡಿದ್ದ ಹಾಡನ್ನು ಕಿವಿಗೆ ಇಯರ್‌ಫೋನ್ ಹಾಕಿ ಮತ್ತೆ ಕೇಳಿದಳು.

ನಡುವೆ ಒಂದು ಕಡೆ ಅವಳು ಹಾಡು ನಿಲ್ಲಿಸಿದಳು.

ಈ ದನಿ ಸ್ಟುಡಿಯೋದ್ದಲ್ಲ.

ಸ್ಟುಡಿಯೋದಲ್ಲಿ ಅವಳು ಹಾಡುವುದು ತುಂಬುಗಂಟಲಲ್ಲಿ. ಇಲ್ಲಿ ಕೇಳುತ್ತಿರುವುದು ತಗ್ಗಿಸಿದ, ಮೂಗಿನೊಳಗೇ ಉಳಿದ ದನಿ. ಹಾಗೆ ಅವಳು ಹಾಡುವುದು ಒಂದೇ ಕಡೆ. ರಾತ್ರಿ ಅವ್ವನ ಪಕ್ಕದಲ್ಲಿ, ಅಪ್ಪನಿಗೆ ಎಚ್ಚರವಾಗದಂತೆ, ಅವ್ವನ ಫೋನಿಗೆ. ನಾಟಿ ಹಚ್ಚುವಾಗ ಗದ್ದೆಯಲ್ಲಿ ಕೇಳಲು ಬೇಕು ಎಂದು ಅವ್ವನೇ ಹಾಡಿಸಿಕೊಳ್ಳುತ್ತಿದ್ದಳು.

ಹಾಗಾದರೆ...

ಅವಳು ಅಡುಗೆಮನೆಗೆ ಹೋಗಿ ಅವ್ವನ ಎದುರು ಕೂತಳು. ಉಡಚಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಯವ್ವ, ನಿನ್ನ ಫೋನಿನ್ಯಾಗಿನ ನನ್ನ ಹಾಡು ಯಾರರೆ ಕೇಳ್ಯಾರೇನು?"

"ಗದ್ಯಾಗ ಎಲ್ಲಾರೂ ಕೇಳ್ತಾರ." ಅವ್ವನ ಮುಖ ಅರಳಿತು. "ಒಬ್ಬಾಂವ ಅಂತೂ ಬದುವಿನ ಮ್ಯಾಲೆ ನಿಂತು ಕೇಳಿ, ಅಲ್ಲೇ ತನ್ನ ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡ. ಮಗಳನ್ನ ಟೀವಿಯಾಗ ತೋರಸ್ತೀನಿ, ಈಗ ಹೇಳಬ್ಯಾಡ್ರಿ ಅಂದ. ಅಯ್ಯ, ನೋಡು, ಹೇಳೇಬಿಟ್ಟೆ."

ಶೋಭಾರಾಣಿ ಮುಖ ಒಲೆಯ ಕಡೆ ತಿರುಗಿಸಿದಳು.

"ಯಾಕ, ಏನಾತು?"

"ಏನಿಲ್ಲವ್ವ. ರೊಟ್ಟಿ ಸೀಯಾಕತ್ತೈತಿ ನೋಡು."

ಹೊರಗೆ ಬಂದಾಗ ಕಟ್ಟೆಯ ಮೇಲೆ ಅಪ್ಪ ಕೂತಿದ್ದ. ಅವಳ ಕಾಲು ಹಿಂದೆಗೆಯಿತು.

"ಬಾ, ಕುಂಡ್ರು," ಎಂದ. ದನಿ ತಗ್ಗಿಸಿದ. "ನಿನಗೂ ಗೊತ್ತಾತೇನು?"

"ಏನಪ್ಪ?"

"ರಾತ್ರಿ ನೀ ನಿಮ್ಮವ್ವನ ಫೋನಿನ್ಯಾಗ ಹಾಡೂಮುಂದ ನಾ ಮಲಗಿರತಿದ್ದಿಲ್ಲ. ಕೇಳ್ಕೊಂತ ಬಿದ್ದಿರತಿದ್ದೆ. ಮಿಲ್ಲಿನ್ಯಾಗ ಆ ದರಿದ್ರ ಹಾಡು ಹಚ್ಚಿದ ಕೂಡ್ಲೇ ತಿಳೀತು, ಇದು ಮನೀ ದನಿ ಅಂತ."

ಅವಳು ಅಪ್ಪನ ಪಕ್ಕದಲ್ಲಿ ಕೂತಳು.

"ಮದ್ಲ ಸಿಟ್ಟು ಬಂತು. ಆಮ್ಯಾಲೆ ಅಂಜಿಕಿ ಬಂತು. ಈಕಿಗಿ ತಿಳದ್ರ ಎದಿ ಒಡಕೊಂತಾಳ. ಹೊಣಿ ನಂದು ಅಂದಾಕಿ ಅಲ್ಲೇನು?" ಗಾಳೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆ ಹುಡುಗಗ ಸುಳ್ಳು ಹೇಳಾಕ ಬರೂದಿಲ್ಲ. ಹೇಳೂಮುಂದ ಕಾಲಬೆರಳು ಎಣಸಾಕತ್ತಿದ್ದ."

"ಕುಷ್ಟಗಿ..."

"ಹೋಗು. ಹಾಡು."

ಅವಳು ಸ್ಟುಡಿಯೋಕ್ಕೆ ಹೋದಾಗ ಗೌತಮ ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತು, ಮೇಜಿನ ಮೇಲಿದ್ದ ಪೆನ್‌ಡ್ರೈವ್ ಮುಂದೆ ಚಾಚಿದ.

"ನಿಮ್ಮ ದನಿ ಎಲ್ಲಾ ಇದರಾಗೈತ್ರಿ. ಕಂಪ್ಯೂಟರ್‌ನ್ಯಾಗ ಒಂದೂ ಇಟ್ಟಿಲ್ಲ. ಇನ್ಮ್ಯಾಲೆ ಎಲ್ಲಿ ಹಾಡಿದ್ರೂ ಇದನ್ನ ನಿಮ್ಮ ಕಡೇನ ಇಟ್ಕೋರಿ. ಯಾರಿಗೂ ಬಿಡಬ್ಯಾಡ್ರಿ."

"ಯಾಕ ಸುಳ್ಳು ಹೇಳಿದ್ರಿ?"

ಅವನು ಪೆನ್‌ಡ್ರೈವ್ ಅವಳ ಕೈಗಿಟ್ಟ.

"ಅವ್ವ ಹೇಳಿದ್ಲು. ಏನು ಹೇಳಾಕತ್ತೀನಿ ಅಂತ ಆಕಿಗೇ ಗೊತ್ತಿಲ್ಲ. ಅಪ್ಪಗ ಎಲ್ಲಾ ಗೊತ್ತೈತಿ."

ಗೌತಮ ಕುರ್ಚಿಯಲ್ಲಿ ಕುಸಿದ. "ಆ ಚಾನಲ್‌ದವನ ಫೋನಿನ್ಯಾಗ ಹಾಡಿನ ಹಿಂದ ನಿಮ್ಮವ್ವಾರ ದನೀನೂ ಇತ್ರಿ. 'ನನ್ನ ಮಗಳು ನೋಡಪ್ಪ, ಹೆಂಗ ಹಾಡ್ತಾಳ' ಅಂತ. ಅದನ್ನ ಕೇಳಿದ ಮ್ಯಾಲೆ ಖರೆ ಹೇಳಾಕ ನನಗ ಬಾಯಿ ಬರಲಿಲ್ಲ."

ಅವಳು ಅತ್ತಳು. ಅವನು ಏನು ಮಾಡಬೇಕೆಂದು ತಿಳಿಯದೆ ಫ್ಯಾನ್ ಹಾಕಿದ.

"ದೂರು ಕೊಟ್ರ ಅಂವ ಅವ್ವನ ಹೆಸರು ಹೇಳ್ತಾನ," ಎಂದಳು ಶೋಭಾರಾಣಿ. "ಕೊಡದಿದ್ರ ಊರ ಮಂದಿ ನೀವ ಮಾರೀರಿ ಅಂತಾರ. ಇಲ್ಲಾಂದ್ರ ನಾನ ಹಾಡೀನಿ ಅಂತಾರ. ಎಷ್ಟು ಫೋನಿನ್ಯಾಗ ಇನ್ನೂ ಐತೋ ಏನೋ... ನನಗ ಭಾಳ ಅಂಜಿಕಿ ಆಗ್ತೈತಿ ಗೌತಮ."

"ನನಗೂ ಆಗ್ತೈತಿ. ಆದ್ರೂ ಕುಷ್ಟಗಿಯಾಗ ಹಾಡೂದ. ನಿಮ್ಮ ಬಾಯಿಲೆ ಹಾಡಿದ್ದನ್ನ ಮಂದಿ ಎದುರಿಗೇ ಕೇಳಲಿ."

"ನಿಮ್ಮ ಹೆಸರು ಕೆಟ್ಟು ಹೋತಲ್ರಿ?"

"ಇನ್ನ ನಿಮ್ಮ ಮನ್ಯಾಗ ಮಜ್ಜಿಗಿ ಸಿಗೂದಿಲ್ಲ, ಅಷ್ಟ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಳಿಯಗ ಕೊಡ್ಲಿಕ್ಕೇ ಬೇಕಲ್ಲ."

ಗೌತಮ ತಲೆ ಎತ್ತಿದ. "ಏನಂದ್ರಿ?"

"ಎರಡನೇ ಸಲ ಹೇಳೂದಿಲ್ಲ. ಮತ್ತ, ನನಗ 'ರಿ' ಹಚ್ಚೂದು ಬಿಡು."

"ಬಿಟ್ಟೆ," ಎಂದ ಅವನು ಮೆಲ್ಲಗೆ. "ಶೋಭಾ."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಅವ್ವ.

"ಎಲ್ಲದೀ? ಆ ಕಳ್ಳನ ಕಡೆ ಹೋಗಿಲ್ಲಲ್ಲ? ಏನರೆ ತಿಳೀತೇನು, ಅಂವ ಯಾಕ ಹಂಗ ಮಾಡಿದ ಅಂತ?"

ಶೋಭಾರಾಣಿ ಗೌತಮನನ್ನು ನೋಡಿದಳು. ಅವನು ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಇವನ ಹೆಸರನ್ನು ಅವ್ವನ ಮುಂದೆ ಸರಿ ಮಾಡಲು ಬೇರೆ ದಾರಿಯನ್ನೇ ಹುಡುಕಬೇಕು. ಎಷ್ಟು ದಿನ ಹಿಡಿಯುತ್ತದೋ.

ಖರೆ ಮಾತನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಠಾಣೆಗೂ ಇಲ್ಲ, ಊರಿಗೂ ಇಲ್ಲ, ಅವ್ವನಿಗಂತೂ ಇಲ್ಲವೇ ಇಲ್ಲ.

"ಇಲ್ಲವ್ವ," ಎಂದಳು. "ಏನೂ ತಿಳೀಲಿಲ್ಲ."